ವರಪ್ರಸಾದದ ಮಹಾಪಂಡಿತ ಸಂತ ಅಗಸ್ಟೀನರು

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ನಾವು ಸಹಜವಾಗಿಯೇ ಲೆಕ್ಕ ಹಾಕಲು ಕುಳಿತುಕೊಳ್ಳುತ್ತೇವೆ. ಅಡಿಗಲ್ಲು ಇಟ್ಟವರು ಯಾರು, ಗಂಟೆಯನ್ನು ಕೊಟ್ಟವರು ಯಾರು, ಪೀಠದ ವೆಚ್ಚವನ್ನು ವಹಿಸಿಕೊಂಡ ಮನೆತನ ಯಾವುದು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳುತ್ತೇವೆ. ಹಾಗೆ ನೆನೆಯುವುದು ಕೃತಜ್ಞತೆಯ ಲಕ್ಷಣವೇ ಸರಿ. ಆದರೂ ಆ ಲೆಕ್ಕದ ನಡುವೆ ಒಂದು ಪ್ರಶ್ನೆ ನಮ್ಮನ್ನು ಕಾಡದೆ ಬಿಡದು. ಇಷ್ಟೆಲ್ಲ ಮಾಡಿದ್ದರಿಂದ ನಾವು ದೇವರ ಸನ್ನಿಧಿಯಲ್ಲಿ ನೀತಿವಂತರಾದೆವೇ? ದಾನ, ಉಪವಾಸ, ಹರಕೆ, ಜಪಗಳನ್ನು ಒಂದರ ಮೇಲೊಂದು ಪೇರಿಸಿ ಮನುಷ್ಯನು ದೇವರನ್ನು ಮುಟ್ಟಬಲ್ಲನೇ? ಅಥವಾ ದೇವರೇ ಮೊದಲು ಇಳಿದು ಬಂದು ಅವನ ಕೈ ಹಿಡಿಯಬೇಕೇ?

ಪ್ರೇಷಿತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಈ ಪ್ರಶ್ನೆಯನ್ನು ಎತ್ತಿ, ಕ್ರಿಸ್ತರಲ್ಲಿಟ್ಟ ವಿಶ್ವಾಸದ ಮೂಲಕವೇ ನಮಗೆ ದೇವರೊಡನೆ ಸತ್ಸಂಬಂಧ ದೊರೆಯುತ್ತದೆಂದು ಬೋಧಿಸಿದರು. ಆ ಬೋಧನೆಯನ್ನು ಪುಸ್ತಕದಿಂದ ಮಾತ್ರವಲ್ಲದೆ ತಮ್ಮ ಬಾಳಿನ ಗಾಯಗಳಿಂದಲೂ ಕಲಿತವರು, ಸುಮಾರು ಮುನ್ನೂರು ವರ್ಷಗಳ ತರುವಾಯ ಜನಿಸಿದ ಸಂತ ಅಗಸ್ಟೀನರು. ಅವರ ಜೀವನವನ್ನು ಈ ಶುಭ ಸಂದರ್ಭದಲ್ಲಿ ಸಂಗ್ರಹವಾಗಿ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ತಾಯಿಯ ಮಡಿಲು, ಊರಿನ ತೋಟ

ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಕ್ರಿ.ಶ. 354ನೆಯ ನವೆಂಬರ್ 13ರಂದು ಅಗಸ್ಟೀನರು ಜನಿಸಿದರು. ಅಲ್ಜೀರಿಯ ದೇಶದಲ್ಲಿರುವ ಆ ಊರಿಗೆ ಈಗ ಸೂಕ್ ಅಹ್ರಾಸ್ ಎಂಬ ಹೆಸರಿದೆ. ತಂದೆ ಪ್ಯಾಟ್ರಿಷಿಯಸ್ ಊರಿನ ಆಡಳಿತ ಮಂಡಲಿಯ ಸದಸ್ಯರು, ಮುಂಗೋಪಿಗಳು, ಮರಣಕ್ಕೆ ಸ್ವಲ್ಪ ಮುಂಚೆ ದೀಕ್ಷಾಸ್ನಾನ ಪಡೆದವರು. ತಾಯಿ ಮೋನಿಕಮ್ಮನವರಾದರೋ ಬಾಲ್ಯದಿಂದಲೇ ಕ್ರೈಸ್ತ ವಿಶ್ವಾಸದಲ್ಲಿ ಬೆಳೆದ ಸಾಧ್ವಿ. ಮಗುವಿನ ಹಣೆಗೆ ಶಿಲುಬೆಯ ಗುರುತನ್ನು ಹಾಕಿಸಿದರೂ, ಅಂದಿನ ರೂಢಿಯಂತೆ ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕಿದರು. ಹುಡುಗನಿಗೆ ಒಮ್ಮೆ ಹೊಟ್ಟೆನೋವು ವಿಪರೀತವಾದಾಗ ಅವನೇ ದೀಕ್ಷಾಸ್ನಾನವನ್ನು ಬೇಡಿದನು. ಸಿದ್ಧತೆ ನಡೆಯುವಷ್ಟರಲ್ಲಿ ನೋವು ಇಳಿಯಿತು; ಸಂಸ್ಕಾರವೂ ಮತ್ತೆ ಮುಂದಕ್ಕೆ ಹೋಯಿತು.

ಹದಿನಾರನೆಯ ವಯಸ್ಸಿನಲ್ಲಿ ಹಣದ ಅಭಾವದಿಂದ ಓದು ನಿಂತು ಅವರು ಮನೆಯಲ್ಲಿ ಉಳಿಯಬೇಕಾಯಿತು. ಒಂದು ರಾತ್ರಿ ಗೆಳೆಯರೊಡನೆ ನೆರೆಯ ತೋಟಕ್ಕೆ ನುಗ್ಗಿ ಪೇರ್ ಮರವನ್ನು ಅಲುಗಿಸಿ ಹಣ್ಣುಗಳನ್ನು ಕದ್ದರು. ಹಸಿವೆ ಇರಲಿಲ್ಲ, ಹಣ್ಣು ರುಚಿಯಾಗಿಯೂ ಇರಲಿಲ್ಲ. ತಿಂದದ್ದು ಅಲ್ಪ, ಹಂದಿಗಳಿಗೆ ಎಸೆದದ್ದೇ ಹೆಚ್ಚು. ನಮಗೆ ಇದು ಹುಡುಗಾಟಿಕೆಯಾಗಿ ಕಂಡೀತು. ಆದರೆ ಮುಂದೆ ಧರ್ಮಾಧ್ಯಕ್ಷರಾದ ಮೇಲೆ ಅಗಸ್ಟೀನರು ಈ ಕಳ್ಳತನವನ್ನು ಪುಟಗಟ್ಟಲೆ ವಿಚಾರಿಸಿದರು. ಲಾಭವಿಲ್ಲದಿದ್ದರೂ ಕೆಡುಕನ್ನು ಕೆಡುಕೆಂದೇ ಬಯಸುವ ಒಂದು ಬಾಗು ಮನುಷ್ಯನ ಮನಸ್ಸಿನಲ್ಲಿ ಇದೆ. ಒಳ್ಳೆಯದನ್ನು ತಿಳಿಸಿಕೊಟ್ಟ ಮಾತ್ರಕ್ಕೆ ಆ ಬಾಗು ನೇರವಾಗದು. ಜನ್ಮಪಾಪದ ವಿಷಯದಲ್ಲಿ ಅವರು ಮುಂದೆ ಬರೆದುದಕ್ಕೆಲ್ಲ ಆ ತೋಟದ ನೆನಪು ಸಾಕ್ಷಿಯಾಗಿ ನಿಂತಿತು.

ಕಾರ್ಥೇಜಿನ ಅಲೆದಾಟ

ರೊಮಾನಿಯಾನಸ್ ಎಂಬ ಊರಿನ ಶ್ರೀಮಂತರ ನೆರವಿನಿಂದ ಅಗಸ್ಟೀನರು ಕಾರ್ಥೇಜ್ ನಗರಕ್ಕೆ ಹೋಗಿ ವಾಕ್ಚಾತುರ್ಯ ಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿ ಒಬ್ಬ ಸ್ತ್ರೀಯೊಡನೆ ವಿವಾಹಬಂಧನವಿಲ್ಲದೆ ಬಾಳತೊಡಗಿದರು. ಅವರಿಗೆ ಒಬ್ಬ ಮಗ ಹುಟ್ಟಿದನು. ಅವನಿಗೆ ಅದಿಯೊದಾತನೆಂದು ಹೆಸರಿಟ್ಟರು. ನಮ್ಮ ನುಡಿಯಲ್ಲಿ ಹೇಳುವುದಾದರೆ ದೇವದತ್ತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೊ ಪಂಡಿತರ ಒಂದು ಗ್ರಂಥವನ್ನು ಓದಿದಾಗ ಸತ್ಯವನ್ನು ಅರಸುವ ಹಂಬಲ ಅವರಲ್ಲಿ ಹೊತ್ತಿಕೊಂಡಿತು. ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡರು; ಅದರ ಸರಳ ಭಾಷೆ ಅವರ ಪಾಂಡಿತ್ಯಕ್ಕೆ ಸಪ್ಪೆಯೆನಿಸಿತು. ಒಳಿತು ಕೆಡುಕುಗಳೆರಡೂ ಅನಾದಿ ತತ್ತ್ವಗಳೆಂದು ಸಾರುತ್ತಿದ್ದ ಮಾನಿ ಪಂಥಕ್ಕೆ ಸೇರಿ ಸುಮಾರು ಒಂಬತ್ತು ವರ್ಷ ಅಲ್ಲಿಯೇ ಉಳಿದರು. ಪಾಪ ಮಾಡಿದವನು ತಾನಲ್ಲ, ತನ್ನೊಳಗಿನ ಬೇರೊಂದು ಕತ್ತಲೆಯ ಪ್ರಕೃತಿ ಎಂದು ಹೇಳಿಕೊಳ್ಳಲು ಆ ಪಂಥ ಅನುಕೂಲವಾಗಿತ್ತು.

ಆ ಕಾಲದ ಒಂದು ಘಟನೆಯನ್ನು ನಾವು ಮರೆಯಬಾರದು. ತಗಾಸ್ತೆಯಲ್ಲಿ ಅವರು ಉಪಾಧ್ಯಾಯರಾಗಿದ್ದಾಗ ಬಾಲ್ಯದ ಗೆಳೆಯನೊಬ್ಬನು ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದನು. ಬದುಕುವ ಆಸೆ ಇಲ್ಲವೆಂದು ಕಂಡು ಮನೆಯವರು ಅವನಿಗೆ ದೀಕ್ಷಾಸ್ನಾನ ಕೊಡಿಸಿದರು. ಅವನಿಗೆ ಎಚ್ಚರವಾದಾಗ ಅಗಸ್ಟೀನರು, ತಿಳಿವಿಲ್ಲದಾಗ ಸುರಿದ ನೀರನ್ನು ಕುರಿತು ಪರಿಹಾಸ್ಯ ಮಾಡಿದರು. ಗೆಳೆಯನೂ ತಮ್ಮೊಡನೆ ನಗುವನೆಂದು ಅವರು ಎಣಿಸಿದ್ದರು. ಅವನಾದರೋ ಬೆಚ್ಚಿ, ಸ್ನೇಹ ಉಳಿಯಬೇಕಾದರೆ ಅಂಥ ಮಾತನ್ನು ನಿಲ್ಲಿಸಬೇಕೆಂದು ಖಂಡಿತವಾಗಿ ತಿಳಿಸಿದನು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಅವನು ತೀರಿಕೊಂಡನು. ತಾನು ಏನನ್ನೂ ಮಾಡದೆ, ಕೇಳದೆ, ತಿಳಿಯದೆ ಮಲಗಿದ್ದವನನ್ನು ದೇವರು ಮುಟ್ಟಿದ್ದರು. ಬುದ್ಧಿವಂತನಾಗಿ ಪಕ್ಕದಲ್ಲಿ ಕುಳಿತವರು ಹೊರಗೇ ಉಳಿದಿದ್ದರು. ಇದರ ಅರ್ಥ ಅಗಸ್ಟೀನರಿಗೆ ಹೊಳೆಯಲು ಹತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಇತ್ತ ಮೋನಿಕಮ್ಮನವರು ಹಗಲಿರುಳೂ ಮಗನಿಗಾಗಿ ಕಣ್ಣೀರಿಡುತ್ತಿದ್ದರು. ಮಗನೊಡನೆ ವಾದಿಸಿ ಬುದ್ಧಿ ಹೇಳಬೇಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿದಾಗ, ಅವರು ವಾದಕ್ಕೆ ಒಪ್ಪದೆ ಪ್ರಾರ್ಥಿಸುತ್ತಿರಲು ಹೇಳಿ, ಇಷ್ಟು ಕಣ್ಣೀರಿನ ಮಗನು ನಾಶವಾಗಲಾರನೆಂದು ಸಮಾಧಾನಪಡಿಸಿ ಕಳುಹಿಸಿದರು. 383ರಲ್ಲಿ ಅಗಸ್ಟೀನರು ರೋಮಿಗೆ ಹೊರಟಾಗ ತಾಯಿ ಬಂದರಿನವರೆಗೂ ಬೆನ್ನು ಹತ್ತಿದರು. ಗೆಳೆಯನನ್ನು ಬೀಳ್ಕೊಡಲು ಬಂದಿರುವೆನೆಂದು ಸುಳ್ಳು ಹೇಳಿ, ತಾಯಿ ಸಂತ ಸಿಪ್ರಿಯಾನರ ಸ್ಮಾರಕ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ ರಾತ್ರಿಯೇ ಮಗನು ಹಡಗು ಹತ್ತಿದನು. ಮಗನು ಹೋಗದಿರಲೆಂದು ಆ ತಾಯಿ ಬೇಡಿದ್ದರು. ಆ ರಾತ್ರಿಯ ಮೊರೆಯನ್ನು ದೇವರು ನಡೆಸಿಕೊಡಲಿಲ್ಲ. ಬಾಳಿನುದ್ದದ ಮೊರೆಯನ್ನು ನಡೆಸಿಕೊಡುವುದಕ್ಕಾಗಿಯೇ ಮಗನನ್ನು ಹೋಗಗೊಟ್ಟರು.

ಮಿಲಾನಿನ ತೋಟದಲ್ಲಿ

384ರಲ್ಲಿ ಅವರಿಗೆ ಮಿಲಾನ್ ನಗರದಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಪ್ರಬೋಧನೆಯನ್ನು ಮೊದಲು ಮಾತಿನ ಸೊಗಸಿಗಾಗಿ ಕೇಳಿದರು. ಬರಬರುತ್ತ ಮಾತಿನೊಡನೆ ಅರ್ಥವೂ ಒಳಗಿಳಿಯಿತು. ತಾಯಿಯೂ ಸಮುದ್ರ ದಾಟಿ ಅಲ್ಲಿಗೆ ಬಂದರು. ಮಗನಿಗೆ ಅನುಕೂಲವಾದ ಮದುವೆಯೊಂದು ಗೊತ್ತಾಗಲು, ಹಲವು ವರ್ಷ ಜೊತೆಗಿದ್ದ ಮಗುವಿನ ತಾಯಿಯನ್ನು ಆಫ್ರಿಕಕ್ಕೆ ಹಿಂದಿರುಗಿಸಿಬಿಟ್ಟರು. ಬೇರೆ ಪುರುಷನನ್ನು ಅರಿಯೆನೆಂದು ಆಕೆ ಪ್ರತಿಜ್ಞೆ ಮಾಡಿ, ಮಗನನ್ನು ಇಲ್ಲಿಯೇ ಬಿಟ್ಟು ಹೋದರು. ಆಕೆಯ ಹೆಸರನ್ನು ಅಗಸ್ಟೀನರು ಎಲ್ಲಿಯೂ ಬರೆದಿಲ್ಲ. ಇದನ್ನು ನಾವು ಮರೆಮಾಚಬೇಕಾಗಿಲ್ಲ. ಆಕೆ ನಿಯಮವನ್ನು ಪಾಲಿಸಿದರು. ಅಗಸ್ಟೀನರು ಮದುವೆಯ ದಿನದವರೆಗೂ ತಾಳಲಾರದೆ ಮತ್ತೊಬ್ಬಳನ್ನು ಕೂಡಿಕೊಂಡರು. ಒಳ್ಳೆಯದು ಯಾವುದೆಂದು ಅವರಿಗೆ ಈಗ ಸ್ಪಷ್ಟವಾಗಿ ತಿಳಿದಿತ್ತು. ಮಾಡುವ ಬಲ ಮಾತ್ರ ಇರಲಿಲ್ಲ.

386ರ ಬೇಸಿಗೆಯ ಕೊನೆಯಲ್ಲಿ ಪೊಂತಿಸಿಯಾನನೆಂಬ ಸ್ವದೇಶೀಯನೊಬ್ಬನು ಮನೆಗೆ ಬಂದು, ಈಜಿಪ್ಟಿನ ಸಂತ ಅಂತೋಣಿಯವರ ವೈರಾಗ್ಯ ಜೀವನದ ಕಥೆಯನ್ನು ತಿಳಿಸಿದನು. ಓದು ಬಾರದವರು ಸ್ವರ್ಗವನ್ನು ಸೂರೆಗೊಳ್ಳುತ್ತಿರಲು, ಓದಿದ ತಾವು ಕೆಸರಿನಲ್ಲಿ ಹೊರಳುತ್ತಿರುವೆವೆಂಬ ಸಂಕಟದಿಂದ ಅಗಸ್ಟೀನರು ಮನೆಯ ತೋಟಕ್ಕೆ ಹೋದರು. ಗೆಳೆಯ ಅಲಿಪಿಯಸ್ ಹಿಂಬಾಲಿಸಿದನು. ಅಂಜೂರದ ಮರದಡಿ ಬಿದ್ದು ಬಿಕ್ಕಿ ಬಿಕ್ಕಿ ಅಳುತ್ತಿರುವಾಗ, ಎತ್ತಿಕೊಂಡು ಓದಬೇಕೆಂದು ರಾಗವಾಗಿ ಹೇಳುವ ಮಗುವಿನ ದನಿಯೊಂದು ನೆರೆಮನೆಯಿಂದ ಕೇಳಿಬಂತು. ಅದನ್ನು ದೇವರ ಅಪ್ಪಣೆಯೆಂದು ಬಗೆದು ಪೌಲರ ಪತ್ರಗಳನ್ನು ತೆರೆದರು. ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಕೊನೆಯ ಭಾಗ ಕಣ್ಣಿಗೆ ಬಿತ್ತು. ದುಂದೌತಣ, ಕಾಮ, ಜಗಳಗಳನ್ನು ತೊರೆದು ಪ್ರಭು ಯೇಸುಕ್ರಿಸ್ತರನ್ನೇ ಧರಿಸಿಕೊಳ್ಳಬೇಕೆಂಬ ಉಪದೇಶ ಅಲ್ಲಿತ್ತು. ಮುಂದೆ ಓದುವ ಅಗತ್ಯ ಬೀಳಲಿಲ್ಲ. ವರ್ಷಗಟ್ಟಲೆ ತಮ್ಮ ಶಕ್ತಿಯಿಂದ ಹರಿಯಲಾಗದ ಸಂಕೋಲೆ ಒಂದು ಕ್ಷಣದಲ್ಲಿ ಕಳಚಿಬಿತ್ತು. ಕ್ರಿಸ್ತರು ಹೊದಿಕೆಯಾಗಿ ದೊರೆತರು. ತೊಟ್ಟುಕೊಳ್ಳುವುದಷ್ಟೇ ಅವರ ಪಾಲಿಗೆ ಉಳಿದಿತ್ತು.

387ರ ಏಪ್ರಿಲ್ 24ರ ರಾತ್ರಿ, ಪಾಸ್ಕ ಜಾಗರಣೆಯಲ್ಲಿ, ಅಗಸ್ಟೀನರು, ಮಗ ಅದಿಯೊದಾತ, ಗೆಳೆಯ ಅಲಿಪಿಯಸ್ ಮೂವರೂ ಅಂಬ್ರೋಸರ ಹಸ್ತದಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಸ್ವದೇಶಕ್ಕೆ ಹೊರಟಿದ್ದಾಗ ರೋಮಿನ ಬಂದರಾದ ಓಸ್ತಿಯದಲ್ಲಿ ಮೋನಿಕಮ್ಮನವರು ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ ದೈವಾಧೀನರಾದರು. ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಪ್ರಭುವಿನ ಪೀಠದ ಬಳಿ ತಮ್ಮನ್ನು ನೆನೆದರೆ ಸಾಕೆಂಬುದೇ ಮಕ್ಕಳಲ್ಲಿ ಅವರ ಕೊನೆಯ ಕೋರಿಕೆಯಾಗಿತ್ತು. ಇಂದಿಗೂ ನಮ್ಮ ಪೂಜೆಗಳಲ್ಲಿ ಅಗಲಿದವರನ್ನು ಸ್ಮರಿಸುವಾಗ ನಾವು ಆ ತಾಯಿಯ ಮಾತನ್ನೇ ನಡೆಸುತ್ತಿದ್ದೇವೆ.

ಹಿಪ್ಪೋ ನಗರದ ಧರ್ಮಪಾಲಕರು

ಸ್ವದೇಶಕ್ಕೆ ಮರಳಿದ ಕೆಲಕಾಲದಲ್ಲೇ ಮಗ ಅದಿಯೊದಾತನೂ ಎಳೆಯ ಪ್ರಾಯದಲ್ಲಿ ಮೃತಪಟ್ಟನು. ಏಕಾಂತದಲ್ಲಿ ಪ್ರಾರ್ಥನೆ, ಅಧ್ಯಯನಗಳಲ್ಲಿ ಕಾಲ ಕಳೆಯಬೇಕೆಂದಿದ್ದ ಅಗಸ್ಟೀನರು, ಧರ್ಮಾಧ್ಯಕ್ಷರಿಲ್ಲದ ಊರಿಗೆ ಹೋದರೆ ಜನ ತಮ್ಮನ್ನು ಹಿಡಿದು ಆ ಪದವಿಯಲ್ಲಿ ಕೂರಿಸಿಯಾರೆಂದು ಹೆದರಿ ಅಂಥ ಊರುಗಳಿಂದ ದೂರವಿದ್ದರು. ಹಿಪ್ಪೋ ನಗರದಲ್ಲಿ ವಲೇರಿಯಸ್ ಎಂಬ ಧರ್ಮಾಧ್ಯಕ್ಷರು ಇದ್ದುದರಿಂದ 391ರಲ್ಲಿ ನಿಶ್ಚಿಂತೆಯಾಗಿ ಅಲ್ಲಿಗೆ ಹೋದರು. ತಮಗೆ ಒಬ್ಬ ಗುರು ಬೇಕೆಂದು ವಲೇರಿಯಸರು ದೇವಾಲಯದಲ್ಲಿ ಹೇಳಿದೊಡನೆಯೇ ಜನರು ಅಗಸ್ಟೀನರನ್ನು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದರು. ಅವರು ಅಳುತ್ತಿದ್ದಂತೆಯೇ ಗುರುದೀಕ್ಷೆ ನಡೆಯಿತು. ಕೆಲವು ವರ್ಷಗಳಲ್ಲಿ ಅವರೇ ಧರ್ಮಾಧ್ಯಕ್ಷರೂ ಆದರು.

ಅವರ ಶಿಷ್ಯರಾದ ಪೊಸ್ಸಿದಿಯಸರು ಬರೆದ ಚರಿತ್ರೆಯಿಂದ ಅವರ ದಿನಚರಿ ನಮಗೆ ತಿಳಿದುಬರುತ್ತದೆ. ಊರವರ ಆಸ್ತಿ ವ್ಯಾಜ್ಯಗಳನ್ನು ಕುಳಿತು ಕೇಳಿ ತೀರ್ಪು ಕೊಡುತ್ತಿದ್ದರು. ಸೆರೆಯಾಳುಗಳನ್ನು ಬಿಡಿಸಲು ಹಣವಿಲ್ಲದಿದ್ದಾಗ ದೇವಾಲಯದ ಪಾತ್ರೆಗಳನ್ನೇ ಕರಗಿಸಿದರು. ಊಟದ ಮೇಜಿನ ಮೇಲೆ, ಎದುರಿಗಿಲ್ಲದವರ ಮೇಲೆ ಚಾಡಿ ಹೇಳುವವರಿಗೆ ಅಲ್ಲಿ ಸ್ಥಳವಿಲ್ಲವೆಂಬ ಅರ್ಥದ ಪದ್ಯವನ್ನು ಬರೆಯಿಸಿದ್ದರು. ದೋಷಗಳಿಂದ ಅವರು ಮುಕ್ತರೂ ಆಗಿರಲಿಲ್ಲ. ಧರ್ಮಸಭೆಯಿಂದ ಬೇರೆಯಾಗಿದ್ದ ದೊನಾತರ ಪಂಗಡದವರನ್ನು ಮಾತಿನಿಂದಲೇ ಗೆಲ್ಲಬೇಕೆಂದು ಮೊದಲು ಹೇಳುತ್ತಿದ್ದವರು, ಕಾಲಕ್ರಮದಲ್ಲಿ ಅವರ ಮೇಲೆ ಚಕ್ರವರ್ತಿಯ ಕಾನೂನಿನ ಬಲವನ್ನು ಪ್ರಯೋಗಿಸುವುದಕ್ಕೆ ಸಮ್ಮತಿಯಿತ್ತರು. ವಿಶ್ವಾಸವು ಬಲಾತ್ಕಾರದಿಂದ ಬರತಕ್ಕದ್ದಲ್ಲವೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿದುದನ್ನು ಬಲ್ಲ ನಮಗೆ ಆ ಸಮ್ಮತಿ ನೋವನ್ನುಂಟುಮಾಡುತ್ತದೆ.

ಎಲ್ಲವೂ ವರದಾನ

ತಮ್ಮ ಬೋಧನೆಯ ತಿರುಳನ್ನು ಅಗಸ್ಟೀನರು ಒಮ್ಮೆಗೇ ಕಂಡುಕೊಂಡವರಲ್ಲ. ದೇವರು ವರಪ್ರಸಾದವನ್ನು ಕೊಡುತ್ತಾರೆ, ಆದರೆ ವಿಶ್ವಾಸವಿಡುವ ಮೊದಲ ಹೆಜ್ಜೆ ಮನುಷ್ಯನದೇ ಎಂದು ಅವರೂ ಕೆಲಕಾಲ ನಂಬಿದ್ದರು. ಧರ್ಮಾಧ್ಯಕ್ಷರಾದ ಹೊಸತರಲ್ಲಿ, ಮಿಲಾನಿನ ಹಿರಿಯ ಗುರುಗಳಾದ ಸಿಂಪ್ಲಿಸಿಯಾನರು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ರೋಮನರಿಗೆ ಬರೆದ ಪತ್ರವನ್ನು ಮತ್ತೆ ಶೋಧಿಸುವಾಗ, ಆ ಮೊದಲ ಹೆಜ್ಜೆಯೂ ದೇವರು ಕೊಟ್ಟದ್ದೆಂದು ಮನಗಂಡರು. ಮುಪ್ಪಿನಲ್ಲಿ ತಮ್ಮ ಗ್ರಂಥಗಳನ್ನೆಲ್ಲ ಮರುಪರಿಶೀಲಿಸಿ ಬರೆದಾಗ ತಮ್ಮ ಹಿಂದಿನ ತಪ್ಪನ್ನು ಮರೆಯಿಲ್ಲದೆ ಒಪ್ಪಿಕೊಂಡರು. ಆ ಅರಿವಿನ ಬೆಳಕಿನಲ್ಲೇ ಅವರ ಆತ್ಮಚರಿತ್ರೆಯಾದ ನಿವೇದನೆಗಳು ಎಂಬ ಗ್ರಂಥ ಹುಟ್ಟಿತು. ಅದು ಆದ್ಯಂತವಾಗಿ ದೇವರನ್ನು ಸಂಬೋಧಿಸಿದ ಪ್ರಾರ್ಥನೆ.

ಆ ಗ್ರಂಥದಲ್ಲಿ, ದೇವರು ಆಜ್ಞಾಪಿಸುವುದನ್ನು ನಡೆಸುವ ಬಲವನ್ನೂ ದೇವರೇ ದಯಪಾಲಿಸಲೆಂದು ಅವರು ಬೇಡಿದ್ದರು. ಇದನ್ನು ರೋಮಿನಲ್ಲಿ ಕೇಳಿದ ಪೆಲಾಜಿಯಸ್ ಎಂಬ ಬ್ರಿಟನ್ ಮೂಲದ ತಪಸ್ವಿಗೆ ಸಹಿಸಲಾಗಲಿಲ್ಲ. ಪೆಲಾಜಿಯಸ್ ದುಷ್ಟನಲ್ಲ, ಹೆಸರಿಗೆ ಮಾತ್ರ ಕ್ರೈಸ್ತರಾಗಿದ್ದವರ ಸೋಮಾರಿತನ ಕಂಡು ಬೇಸತ್ತವನು. ದೇವರು ಸ್ವತಂತ್ರ ಚಿತ್ತವನ್ನೂ ಧರ್ಮಶಾಸ್ತ್ರವನ್ನೂ ಕ್ರಿಸ್ತರ ಮಾದರಿಯನ್ನೂ ಕೊಟ್ಟಿರುವಾಗ, ಮನಸ್ಸು ಮಾಡಿದರೆ ಮನುಷ್ಯನು ಪಾಪವಿಲ್ಲದೆ ಬಾಳಬಲ್ಲನೆಂಬುದು ಅವನ ವಾದ. 410ರಲ್ಲಿ ಅಲಾರಿಕನ ಸೇನೆ ರೋಮನ್ನು ಸೂರೆಮಾಡಿದ ಕಾಲದಲ್ಲಿ ಅವನೂ ಅವನ ಶಿಷ್ಯ ಸೆಲೆಸ್ತಿಯಸನೂ ಆಫ್ರಿಕಕ್ಕೆ ಬಂದರು. ವಿವಾದ ಹಬ್ಬಿತು.

ಅಗಸ್ಟೀನರ ಉತ್ತರವನ್ನು ಸುಲಭವಾಗಿ ಹೀಗೆ ಹೇಳಬಹುದು. ಧರ್ಮಶಾಸ್ತ್ರವು ರೋಗವನ್ನು ತೋರಿಸಿಕೊಡುತ್ತದೆ. ಗುಣಪಡಿಸುವವರು ವೈದ್ಯರಾದ ಕ್ರಿಸ್ತರು. ರೋಗಿಗೆ ಎದ್ದು ನಡೆಯೆಂದು ಗದರಿಸಿದರೆ ಸಾಲದು, ಕಾಲಿಗೆ ಶಕ್ತಿ ಬರಬೇಕು. ಪವಿತ್ರಾತ್ಮರು ನಮ್ಮ ಹೃದಯದಲ್ಲಿ ಪ್ರೀತಿಯನ್ನು ಸುರಿದಾಗ ಹೊರೆಯಾಗಿದ್ದ ಆಜ್ಞೆ ಹರ್ಷವಾಗುತ್ತದೆ. ನೀತಿವಂತರಾಗುವುದೆಂದರೆ ದೇವರು ನಮ್ಮನ್ನು ಹಾಗೆಂದು ಎಣಿಸುವುದಷ್ಟೇ ಅಲ್ಲ, ನಿಜವಾಗಿಯೂ ಹಾಗೆ ಮಾರ್ಪಡಿಸುವುದು. ಹಾಗೆಂದ ಮಾತ್ರಕ್ಕೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪೌಲರು ಗಲಾತ್ಯರಿಗೆ ಬರೆದಂತೆ ರಕ್ಷಿಸುವ ವಿಶ್ವಾಸವು ಪ್ರೀತಿಯ ಮೂಲಕ ಕಾರ್ಯಪ್ರವೃತ್ತವಾಗುವ ವಿಶ್ವಾಸ. ಬಾಯಿಮಾತಿನ ನಂಬಿಕೆ ಸಾಕು, ನಡತೆ ಹೇಗಿದ್ದರೂ ಆದೀತು ಎಂಬುವರ ವಿರುದ್ಧವೂ ಅವರು ಒಂದು ಗ್ರಂಥವನ್ನೇ ಬರೆದರು. ಬೇರು ಮೊದಲು, ಫಲ ಆಮೇಲೆ. ಫಲವಿಲ್ಲದಿದ್ದರೆ ಬೇರು ಸತ್ತಿದೆಯೆಂದೇ ಅರ್ಥ.

415ರಲ್ಲಿ ಪ್ಯಾಲೆಸ್ತೀನಿನ ಧರ್ಮಾಧ್ಯಕ್ಷರ ಸಭೆಯೊಂದು ಪೆಲಾಜಿಯಸನನ್ನು ನಿರ್ದೋಷಿಯೆಂದು ಬಿಟ್ಟಿತು. 417ರಲ್ಲಿ ಪೋಪ್ ಮೊದಲನೆಯ ಇನೊಸೆಂಟರು ಅವನ ಬೋಧನೆಯನ್ನು ಖಂಡಿಸಿದರು. ಅವರ ಬಳಿಕ ಬಂದ ಪೋಪ್ ಜೋಸಿಮಸರು ಮೊದಲು ಅನುಮಾನಿಸಿದರೂ, 418ರಲ್ಲಿ ಕಾರ್ಥೇಜಿನ ಸಭೆ ನಿರ್ಣಯ ಕೈಗೊಂಡ ಕಾಲಕ್ಕೆ ತಾವೂ ಖಂಡನೆಯನ್ನು ದೃಢಪಡಿಸಿದರು. ಪ್ರಶ್ನೆಗಳು ಅಲ್ಲಿಗೇ ನಿಲ್ಲಲಿಲ್ಲ. ಹದ್ರುಮೇತ ಎಂಬಲ್ಲಿನ ಮಠವಾಸಿಗಳು, ಎಲ್ಲವೂ ವರಪ್ರಸಾದದಿಂದಲೇ ಆಗುವುದಾದರೆ ತಪ್ಪು ಮಾಡಿದ ಸಹೋದರನನ್ನು ಮಠಾಧಿಪತಿ ಗದರಿಸುವುದೇಕೆ, ಅವನಿಗಾಗಿ ಪ್ರಾರ್ಥಿಸಿ ಸುಮ್ಮನಿರಬಾರದೇಕೆ ಎಂದು ಕೇಳಿದರು. ವೃದ್ಧರಾದ ಅಗಸ್ಟೀನರು ಅವರಿಗಾಗಿ ಎರಡು ಗ್ರಂಥಗಳನ್ನು ಬರೆದು, ಗದರಿಕೆಯೂ ದೇವರು ಬಳಸುವ ಔಷಧವೇ, ವರಪ್ರಸಾದವು ನಮ್ಮ ಚಿತ್ತವನ್ನು ಅಳಿಸುವುದಿಲ್ಲ, ಬಿಡಿಸಿ ಸ್ವತಂತ್ರಗೊಳಿಸುತ್ತದೆ ಎಂದು ವಿವರಿಸಿದರು.

ಅಂತ್ಯಕಾಲ

430ರಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೋ ನಗರವನ್ನು ಮುತ್ತಿತು. ಸುತ್ತಲಿನ ದೇವಾಲಯಗಳು ಬರಿದಾದವು. ನಿರಾಶ್ರಿತರು ನಗರದಲ್ಲಿ ತುಂಬಿಕೊಂಡರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ಕಥೋಲಿಕ ಲೋಕವೇ ಗೌರವಿಸುತ್ತಿದ್ದ, ನೂರಾರು ಗ್ರಂಥಗಳನ್ನು ಬರೆದ ಆ ಮಹನೀಯರು ತಮ್ಮ ಕಾರ್ಯಗಳ ಪಟ್ಟಿಯನ್ನು ತರಿಸಲಿಲ್ಲ. ದಾವಿದರ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ತಗುಲಿಸಿಕೊಂಡರು. ವೈದ್ಯರೂ ಊಟ ತರುವವರೂ ಹೊರತು ಯಾರೂ ಒಳಗೆ ಬರಬಾರದೆಂದು ತಿಳಿಸಿ, ಸುಮಾರು ಹತ್ತು ದಿನ ಆ ಕೀರ್ತನೆಗಳನ್ನು ಓದುತ್ತ ಅಳುತ್ತ ಪ್ರಾರ್ಥಿಸಿದರು. ಆಗಸ್ಟ್ 28ರಂದು, ತಮ್ಮ ಎಪ್ಪತ್ತಾರನೆಯ ವರ್ಷದಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು. ಅವರು ಉಯಿಲು ಬರೆಯಲಿಲ್ಲ. ಬರೆಯಲು ಸ್ವಂತದ್ದೆಂಬುದು ಏನೂ ಇರಲಿಲ್ಲ.

ಅವರ ಬೋಧನೆಯಾದರೋ ಉಳಿಯಿತು. 529ರಲ್ಲಿ ಗಾಲ್ ದೇಶದ ಓರೆಂಜ್ ಸಭೆಯು ವಿಶ್ವಾಸದ ಆರಂಭವೂ ವರಪ್ರಸಾದವೇ ಎಂದು ಸಾರಿತು. ಹದಿನಾರನೆಯ ಶತಮಾನದಲ್ಲಿ ಅಗಸ್ಟೀನರ ಹೆಸರಿನ ಸಂನ್ಯಾಸಿ ಸಭೆಗೇ ಸೇರಿದ್ದ ಮಾರ್ಟಿನ್ ಲೂಥರರು ಈ ವಿಷಯವನ್ನೇ ಹಿಡಿದು ನಿಂತಾಗ ಪಾಶ್ಚಾತ್ಯ ಕ್ರೈಸ್ತ ಲೋಕ ಒಡೆಯಿತು. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆ ಕಥೋಲಿಕ ಬೋಧನೆಯನ್ನು ನಿರೂಪಿಸಿ, ವಿಶ್ವಾಸವು ಮಾನವ ರಕ್ಷಣೆಯ ಆರಂಭವೂ ಬುನಾದಿಯೂ ಬೇರೂ ಆಗಿದೆಯೆಂದು ತಿಳಿಸಿತು. ಒಡೆದ ಕಡೆಗಳೆರಡೂ ಅಗಸ್ಟೀನರನ್ನೇ ತಮ್ಮ ಸಾಕ್ಷಿಯೆಂದು ಕರೆದವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಸಭೆಗಳ ಒಕ್ಕೂಟವೂ ಕೂಡಿ ಒಂದು ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿಟ್ಟ ವಿಶ್ವಾಸದ ಮೂಲಕ ವರಪ್ರಸಾದದಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾರೆ, ಅದೇ ವರಪ್ರಸಾದವು ನಮ್ಮನ್ನು ಸತ್ಕಾರ್ಯಗಳಿಗೆ ಸಜ್ಜುಗೊಳಿಸುತ್ತದೆ ಎಂಬುದು ಅದರ ಸಾರ. 2025ರ ಮೇ 8ರಂದು ಪೋಪ್ ಪದವಿಗೆ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರೂ ಅಗಸ್ಟೀನರ ಸಭೆಗೆ ಸೇರಿದವರು. ನಮ್ಮ ಕರಾವಳಿಯ ಅನೇಕ ಕಥೋಲಿಕ ಮನೆತನಗಳ ಪೂರ್ವಜರು ಬಿಟ್ಟುಬಂದ ಗೋವೆಯಲ್ಲಿ ಈ ಸಭೆಯವರ ಪಾಳುಬಿದ್ದ ದೇವಾಲಯದ ಗೋಪುರ ಇಂದಿಗೂ ನಿಂತಿದೆ.

ಈಗ ನಾವು ಮೊದಲಿನ ಪ್ರಶ್ನೆಗೆ ಮರಳೋಣ. ನೂರು ವರ್ಷಗಳಲ್ಲಿ ನಮ್ಮ ಹಿರಿಯರು ಹೊತ್ತ ಕಲ್ಲು, ಕೊಟ್ಟ ಕಾಣಿಕೆ, ಸಲ್ಲಿಸಿದ ಸೇವೆ ಇವು ದೇವರಿಗೆ ಅವರು ಕೊಟ್ಟ ಸಾಲವಲ್ಲ. ದೇವರು ಅವರೊಳಗೆ ನೆಟ್ಟ ವಿಶ್ವಾಸ ಬಿಟ್ಟ ಫಲ. ಶಿಲಾಫಲಕದ ಮೇಲೆ ಹೆಸರು ಇರುವವರಿಗೂ ಇಲ್ಲದವರಿಗೂ ಆ ವರದಾನ ಒಂದೇ. ಈ ದೇವಾಲಯದ ದೀಕ್ಷಾಸ್ನಾನದ ತೊಟ್ಟಿಯ ಬಳಿಗೆ ಪ್ರತಿಯೊಬ್ಬ ಕೂಸೂ ಬರಿಗೈಯಲ್ಲೇ ಬಂದಿದೆ. ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರುವ ಶ್ರೀಮಂತರೂ ಬಡವರೂ ಬರಿಗೈಯಲ್ಲೇ ಬರುತ್ತಾರೆ. ಮಗನ ದಾರಿ ಕಾಯುತ್ತಿರುವ ತಾಯಂದಿರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ. ಒಳ್ಳೆಯದು ತಿಳಿದೂ ಮಾಡಲಾರದೆ ಬಳಲುತ್ತಿರುವವರೂ ಇದ್ದಾರೆ. ಅವರೆಲ್ಲರಿಗೂ ಸಂತ ಅಗಸ್ಟೀನರ ಬಾಳು ಧೈರ್ಯವನ್ನೀಯಲಿ. ಕ್ರಿಸ್ತರನ್ನೇ ಧರಿಸಿಕೊಂಡು, ವಿಶ್ವಾಸದಲ್ಲಿ ಬೇರೂರಿ, ಪ್ರೀತಿಯಲ್ಲಿ ಫಲ ಬಿಡುತ್ತ ನಾವು ಎರಡನೆಯ ಶತಮಾನಕ್ಕೆ ಕಾಲಿಡುವಂತೆ ಅವರೂ ತಾಯಿ ಮೋನಿಕಮ್ಮನವರೂ ನಮಗಾಗಿ ಪ್ರಾರ್ಥಿಸಲಿ.